ಮಸರಕಲ್ಲಾಕಿಯ ಹೆಸರು

ನಾನು ಪರದೇಶ ನೋಡಿ ಬಂದವಳು ಎಂದರೆ ಮಾನ್ವಿಯಲ್ಲಿ ಯಾರೂ ಒಪ್ಪುವುದಿಲ್ಲ. ನೇಪಾಳ ಎಂದು ಬಾಯಿಬಿಟ್ಟ ಕೂಡಲೇ ನಮ್ಮ ಶಾಲೆಯ ಜವಾನನೇ ನಗುತ್ತಾನೆ. "ಅದೆಂಥ ಪರದೇಶ ರೀ ಅಕ್ಕೋರ? ಪಾಸ್‌ಪೋರ್ಟ್ ಇಲ್ಲ, ಇಮಾನ ಇಲ್ಲ. ರೊಟ್ಟಿ ಕಟ್ಟಿಗೊಂಡು ಬಸ್ಸಿನ್ಯಾಗ ಹೋಗಿ ಬಂದೀರಿ." ನಗಲಿ. ಅಲ್ಲಿ ಆಗ ಆಳುತ್ತಿದ್ದವನು ರಾಜ, ನೋಟು ಬೇರೆ, ಗಡಿಯಾರದ ಮುಳ್ಳು ಕೂಡ ನಮ್ಮದಕ್ಕಿಂತ ಒಂದಿಷ್ಟು ಮುಂದೆ. ಪರದೇಶಕ್ಕೆ ಇನ್ನೇನು ಕೊಂಬು ಇರಬೇಕೇ?

ಹಿಮಾಲಯದ ವರ್ಣನೆ ಮಾತ್ರ ನನ್ನಿಂದ ನಿರೀಕ್ಷಿಸಬೇಡಿ. ನಮಗೆ ಅದು ಕಾಣಲೇ ಇಲ್ಲ. ಇದ್ದಷ್ಟು ದಿನವೂ ಮೋಡ ಹೊದ್ದುಕೊಂಡೇ ಇತ್ತು. ನಮ್ಮ ಜೊತೆ ಬಂದಿದ್ದ ದೇವದುರ್ಗ ಕಡೆಯ ಮಾಳಪ್ಪ ಎಂಬ ಕುರುಬರ ಮನುಷ್ಯ ಒಂದೇ ಒಂದು ಹೆಸರಿಗಾಗಿ ಅಲ್ಲಿ ಪಟ್ಟ ಪಾಡು ನನ್ನ ಮನಸ್ಸಿನಲ್ಲಿ ಉಳಿದಷ್ಟು ಯಾವ ಗುಡಿ ಗೋಪುರವೂ ಉಳಿದಿಲ್ಲ.

ರಾಯಚೂರು

ಯಾತ್ರೆಯ ಮುಖಂಡರು ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುವ ಶರಣಪ್ಪ ಸಾಹುಕಾರರು. ತಾಯಿಗೆ ಕಾಶಿಯನ್ನೂ ನೇಪಾಳದ ಪಶುಪತಿನಾಥನನ್ನೂ ತೋರಿಸುತ್ತೇನೆಂದು ಹರಕೆ ಹೊತ್ತಿದ್ದರು. ಒಬ್ಬ ತಾಯಿಗೆ ಒಂದು ಬಸ್ಸು ಯಾಕೆಂದು ಸುತ್ತಲಿನ ಹಳ್ಳಿಗಳ ಜನರನ್ನೂ ಕೂಡಿಸಿಕೊಂಡರು. ನಾನು ಹಿಂದಿ ಪರೀಕ್ಷೆಗಳನ್ನು ಪಾಸು ಮಾಡಿದ ಟೀಚರು. ದಾರಿಯಲ್ಲಿ ಮಾತಾಡುವುದಕ್ಕೆ ಒಬ್ಬರಿರಲಿ ಎಂದು ನನಗೂ ಒಂದು ಕಿಟಕಿಯ ಸೀಟು ಸಿಕ್ಕಿತು.

ನನ್ನ ಪಕ್ಕದಲ್ಲಿ ಕೂತವರು ಸಾಹುಕಾರರ ತಾಯಿಯೇ. ಬಸ್ಸಿನಲ್ಲೆಲ್ಲ ಆಕೆ ಯಾಪಲದಿನ್ನಿಯವ್ವ. ಯಾಪಲದಿನ್ನಿ ಆಕೆಯ ತವರೂರು. ನಮ್ಮ ಕಡೆ ಹೀಗೆಯೇ. ಸೊಸೆ ಹೊಸ್ತಿಲು ದಾಟಿ ಒಳಗೆ ಬಂದಳೆಂದರೆ ಅವಳ ಹೆಸರು ತವರಿನಲ್ಲೇ ಉಳಿಯುತ್ತದೆ. ಅತ್ತೆ ಮಾವಂದಿರಿಗೆ ಅವಳು ಇಂಥ ಊರಿನಾಕಿ, ಗಂಡನಿಗೆ "ಏ ಇಕಿ", ಮಕ್ಕಳಿಗೆ ಅವ್ವ. ದಿನಾ ಬೆಳಿಗ್ಗೆ ಹಾಜರಿ ಕರೆಯುವುದು ನನ್ನ ಕಸುಬು. ಹೆಸರಿರುವವರನ್ನು ಹೆಸರಿಲ್ಲದೆ ಕರೆದರೆ ನನಗೆ ಮೈ ಉರಿಯುತ್ತದೆ. ಹಾಗೆಂದು ಹೇಳಿದ್ದಕ್ಕೆ ಯಾಪಲದಿನ್ನಿಯವ್ವ ಎಲೆ ಅಡಿಕೆ ಜಗಿಯುತ್ತಾ, "ನಿಮ್ಮನ್ನರ ಯಾರು ಹೆಸರು ಹಿಡಿದು ಕರೀತಾರ್ರೀ ಅಕ್ಕೋರ?" ಎಂದಳು. ನಿಜ, ಅಕ್ಕೋರು ಎಂದರೆ ಟೀಚರು ಎಂದಷ್ಟೆ.

ಶಕ್ತಿನಗರದಲ್ಲಿ ಆಗಿನ್ನೂ ಕರೆಂಟಿನ ಕಾರ್ಖಾನೆ ಏಳುತ್ತಿದ್ದ ಕಾಲ. ಬಸ್ಸು ಕೃಷ್ಣೆಯ ಸೇತುವೆಗೆ ಬಂದಾಗ ಎಲ್ಲರೂ ಹೊಳೆಗೆ ಕೈ ಮುಗಿದರು. ಬಾಗಿಲ ಹತ್ತಿರದ ಸೀಟಿನಲ್ಲಿದ್ದ ಮಾಳಪ್ಪ ಒಂದೇ ಕೈಯನ್ನು ಹಣೆಗೆ ಮುಟ್ಟಿಸಿದ. ಇನ್ನೊಂದು ಕೈಯಲ್ಲಿ ಅರಿವೆ ಸುತ್ತಿದ, ದೀಪ ಹಚ್ಚುವ ಮಣ್ಣಿನ ಪಣತಿ ಇತ್ತು.

"ಚೀಲದಾಗ ಇಡು ಮಾಳಪ್ಪ, ಧಕ್ಕಿಗಿ ಒಡೀತದ," ಎಂದೆ.

"ಇರ್ಲಿ ಬಿಡ್ರಿ ಅಕ್ಕೋರ. ನಮ್ಮವ್ವನ ಸಲುವಾಗಿ ತಂದದ್ದು."

ಐವತ್ತರ ಆಸುಪಾಸಿನ ಆಳು. ಕುರಿ ಹಿಂಡನ್ನು ತಮ್ಮನ ಕೈಗೊಪ್ಪಿಸಿ ಬಂದಿದ್ದ. ಹಿಂದಿನ ವರ್ಷ ಅವನ ತಾಯಿ ತೀರಿಕೊಂಡಿದ್ದಳು. ಊರಿನಲ್ಲಿ ನಡೆದ ಪುರಾಣದಲ್ಲಿ ಪಶುಪತಿಯ ಮಹಿಮೆ ಕೇಳಿದಾಗಿನಿಂದ ಆಕೆಗೆ ಅದೊಂದೇ ಧ್ಯಾನ. ಕೊನೆಗೆ ಮಗನನ್ನು ಹತ್ತಿರ ಕರೆದು, "ನನಗಂತೂ ಹೋಗೂದು ಆಗಲಿಲ್ಲ. ಅಲ್ಲಿ ನನ್ನ ಹೆಸರ್ಲೆ ಒಂದು ದೀಪ ಹಚ್ಚಪ್ಪಾ," ಎಂದಳಂತೆ. "ಹಚ್ಚತೀನಿ ಬೇ," ಎಂದು ಇವನು ಕೈಯಲ್ಲಿ ಕೈ ಇಟ್ಟಿದ್ದ.

"ಯಾವೂರಾಕಿ ನಿಮ್ಮವ್ವ?" ಯಾಪಲದಿನ್ನಿಯವ್ವ ಕೇಳಿದಳು.

"ಮಸರಕಲ್ಲಾಕಿ ಬೇ."

"ಛಲೋ ಊರು," ಎಂದಳು ಮುದುಕಿ. ಅಲ್ಲಿಗೆ ಪರಿಚಯ ಮುಗಿಯಿತು. ಹೆಸರು ಕೇಳಬೇಕೆಂದು ನನಗೂ ಹೊಳೆಯಲಿಲ್ಲ.

ರಕ್ಸೌಲ್

ಕಾಶಿ ಮುಗಿಸಿ ಗಡಿಗೆ ಬಂದೆವು. ಈ ಕಡೆ ರಕ್ಸೌಲ್, ಆ ಕಡೆ ವೀರಗಂಜ್, ನಡುವೆ ಒಂದು ಕಮಾನು. ನಮ್ಮ ಮಾನ್ವಿಯಿಂದ ಸಿಂಧನೂರಿಗೆ ಹೋದಷ್ಟು ಸಲೀಸಾಗಿ ಜನ ಟಾಂಗಾದಲ್ಲಿ ಕೂತು ದೇಶ ದಾಟುತ್ತಿದ್ದರು. ನಮ್ಮ ಬಸ್ಸನ್ನು ಮಾತ್ರ ತಡೆದರು. ತಪಾಸಣೆಯವನು ಹತ್ತಿ, ಹೆಂಗಸರ ಗಂಟು ಬಿಚ್ಚಿಸಿ, ಒಳಗಿದ್ದ ಖಡಕ್ ರೊಟ್ಟಿಯ ಗುಡ್ಡೆಯನ್ನು ಬೆರಳಿನಿಂದ ಬಾರಿಸಿ ನೋಡಿದ. ಟಕಟಕ ಎಂದಿತು. ಇದೇನು ಸಾಮಾನು ಎಂದು ಹಿಂದಿಯಲ್ಲಿ ಕೇಳಿದ.

ರೊಟ್ಟಿ ಎಂದೆ. ರೊಟ್ಟಿ ಹೀಗೆ ಸದ್ದು ಮಾಡುವುದಿಲ್ಲ ಎಂದ. ಯಾವ ಹಿಟ್ಟಿನದು ಎಂದ. ಜೋಳಕ್ಕೆ ಹಿಂದಿಯಲ್ಲಿ ಏನನ್ನುತ್ತಾರೆ? ಪರೀಕ್ಷೆಗೆ ಓದಿದ್ದೆ, ಹುಡುಗರಿಗೆ ಕಲಿಸಿದ್ದೆ. ಆ ಹೊತ್ತಿಗೆ ಮಾತ್ರ ಪುಸ್ತಕದ ಆ ಪುಟ ಕಣ್ಣೆದುರಿಗಿದೆ, ಜೋಳದ ತೆನೆಯ ಚಿತ್ರವಿದೆ, ಪದ ಇಲ್ಲ! ಗೋಧಿ ಅಲ್ಲ, ಮೆಕ್ಕೆಜೋಳ ಅಲ್ಲ ಎಂದು ಅಲ್ಲದ್ದನ್ನೆಲ್ಲ ಹೇಳಿದೆ. ಕೊನೆಗೆ ಯಾಪಲದಿನ್ನಿಯವ್ವ ಒಂದು ರೊಟ್ಟಿ ಮುರಿದು, ಶೇಂಗಾ ಚಟ್ನಿ ಉದುರಿಸಿ ಅವನ ಕೈಗಿಟ್ಟಳು. ಕರಕರ ಅಗಿದ. ಕಣ್ಣಲ್ಲಿ ನೀರು ಬಂತು. ಇನ್ನೊಂದು ಚೂರು ಕೇಳಿ ಪಡೆದು, ಹೋಗಿ ಎಂದು ಕೈ ಬೀಸಿದ.

ಕಮಾನು ದಾಟಿ ಒಂದಿಷ್ಟು ದೂರ ಹೋದ ಮೇಲೆ ನನ್ನ ಬಾಯಿಂದ ತಾನಾಗಿ ಬಂತು: "ಜ್ವಾರ್!" ಯಾರಿಗೆ ಬೇಕು? ಬಸ್ಸೆಲ್ಲ ನಕ್ಕಿತು. ಮಾಳಪ್ಪನೂ ನಕ್ಕ.

ಕಠ್ಮಂಡು

ದೊಡ್ಡ ಊರು, ಸಣ್ಣ ಓಣಿಗಳು. ನಮ್ಮಲ್ಲಿ ಹೆಂಗಸರು ಹೊರೆಯನ್ನು ತಲೆಯ ಮೇಲೆ ಹೊರುತ್ತಾರೆ. ಅಲ್ಲಿ ಹಣೆಗೆ ಪಟ್ಟಿ ಕಟ್ಟಿ, ಹೊರೆಯನ್ನು ಬೆನ್ನಿಗೆ ಇಳಿಬಿಟ್ಟುಕೊಂಡು, ನೆಲ ನೋಡುತ್ತಾ ನಡೆಯುತ್ತಾರೆ. ಕಪಾಟು ಹೊತ್ತವನೊಬ್ಬನನ್ನು ನೋಡಿದೆ. ಹಿಂದಿನಿಂದ ಕಪಾಟಿಗೇ ಕಾಲು ಬಂದಿದ್ದವು. ಓಣಿಯ ತಗ್ಗಿನಲ್ಲಿ ಕಲ್ಲಿನ ಬಾಯಿಗಳಿಂದ ನೀರು ಸುರಿಯುತ್ತಲೇ ಇರುತ್ತದೆ. ತಿರುವಿ ನಿಲ್ಲಿಸುವುದಕ್ಕೆ ನಲ್ಲಿಯೇ ಇಲ್ಲ. ಜನ ಬರುತ್ತಾರೆ, ಕೊಡ ತುಂಬಿಸುತ್ತಾರೆ, ಇನ್ನೊಬ್ಬರಿಗೆ ಜಾಗ ಬಿಡುತ್ತಾರೆ. ನಮ್ಮ ಓಣಿಯ ನಳದ ಮುಂದಿನ ಯುದ್ಧಗಳನ್ನು ನೆನೆದು ಹೊಟ್ಟೆಕಿಚ್ಚಾಯಿತು. "ಹಿಂಗ ಒಬ್ಬರೂ ಬೈದಾಡದ ನೀರು ತುಂಬಿದ್ರ ಊರಾಗಿನ ಸುದ್ದಿ ತಿಳಿಯೂದು ಹೆಂಗ?" ಎಂಬುದು ಯಾಪಲದಿನ್ನಿಯವ್ವನ ಚಿಂತೆ.

ಊಟಕ್ಕೆ ಎರಡೂ ಹೊತ್ತು ಅನ್ನ, ಬೇಳೆಯ ಸಾರು. ಖಾರವೆಂಬುದು ಹೆಸರಿಗಷ್ಟೆ. ಗಂಟಿನ ರೊಟ್ಟಿ ಖಾಲಿಯಾಗುತ್ತಾ ಬಂದಂತೆ ನಮ್ಮವರ ಮುಖಗಳೂ ಸಣ್ಣಗಾದವು.

ಬಾಗಮತಿಯ ದಂಡೆ

ಪಶುಪತಿನಾಥನ ಗುಡಿಯ ಬೆನ್ನಿಗೇ ಬಾಗಮತಿ ಹೊಳೆ. ಈ ಕಡೆ ಗಂಟೆಯ ಸದ್ದು, ಕೆಳಗೆ ಕಟ್ಟೆಯ ಮೇಲೆ ಹೆಣ ಸುಡುವ ಹೊಗೆ. ನಮ್ಮವರು ಹೂಳುವ ಪೈಕಿ. ಚಿತೆಯನ್ನು ಇಷ್ಟು ಹತ್ತಿರದಿಂದ ಕಂಡವರು ಕಡಿಮೆ. ಸೆರಗು ಬಾಯಿಗೊತ್ತಿಕೊಂಡು ಹೆಂಗಸರು ಸಾಲಾಗಿ ನಿಂತರು. ಆಚೆ ದಡದಲ್ಲಿ ಒಬ್ಬಾಕೆ ಆರಾಮಾಗಿ ಕೂತು ಪಾತ್ರೆ ತಿಕ್ಕುತ್ತಿದ್ದಳು.

ದರ್ಶನ ಮುಗಿಸಿ ಸಂಜೆಗೆ ಮಾಳಪ್ಪನೊಂದಿಗೆ ಮೆಟ್ಟಿಲಿಳಿದೆ. ದೀಪ ಹಚ್ಚಿಸುವ ಒಬ್ಬ ಮುದಿ ಪುರೋಹಿತರು ಸಿಕ್ಕರು. ತಲೆಗೆ ಬಣ್ಣದ ಟೋಪಿ, ಮೈಗೆ ಕೋಟು, ಕೋಟಿನ ಕೆಳಗೆ ಧೋತರ. ಮಾಳಪ್ಪ ಅರಿವೆ ಬಿಚ್ಚಿ ಪಣತಿ ಇಟ್ಟ. ತುಪ್ಪ, ಬತ್ತಿ ಹಾಕಿದ. ಪುರೋಹಿತರು ಕೈಗೆ ನೀರು ಕೊಟ್ಟು ಮಂತ್ರ ಶುರು ಮಾಡಿ, ನಡುವೆ ನಿಲ್ಲಿಸಿ, "ಮಾತಾ ಕಾ ನಾಮ್?" ಎಂದರು.

"ನಿಮ್ಮವ್ವನ ಹೆಸರು ಹೇಳು," ಎಂದೆ.

ಮಾಳಪ್ಪ ಬಾಯಿ ತೆರೆದ. ತುಟಿ ಕೂಡಿಸಿದ, ಬಿಟ್ಟ. ನನ್ನ ಮುಖ ನೋಡಿದ. ಮತ್ತೆ ಬಾಯಿ ತೆರೆದ. ಬೊಗಸೆಯ ನೀರು ಬೆರಳ ಸಂದಿಯಿಂದ ಸೋರುತ್ತಿತ್ತು.

"ಮಸರಕಲ್ಲಾಕಿ..." ಎಂದ ಮೆಲ್ಲಗೆ. ತಲೆ ಕೊಡವಿದ. "ಅಲ್ರೀ, ಅದಲ್ಲ. ಹೆಸರದ. ಇಲ್ಲೇ ಅದರೀ, ನಾಲಿಗಿ ತುದೀಗೆ ಅದ. ಬರವಲ್ದು."

ಹಣೆಯಲ್ಲಿ ಬೆವರು ಕಾಣಿಸಿತು, ಆ ಚಳಿಯಲ್ಲೂ. ನಾನು ಪುರೋಹಿತರಿಗೆ ನಮ್ಮ ಊರಿನ ರೀತಿ ಬಿಡಿಸಿ ಹೇಳಿದೆ. ಅವರು ನಗಬಹುದು ಎಂದು ಹೆದರಿದ್ದೆ. ಬದಲಿಗೆ ಅವರು ಮಾಳಪ್ಪನ ಪಕ್ಕದ ಮೆಟ್ಟಿಲ ಮೇಲೆ ಕೂತೇಬಿಟ್ಟರು. ಅವರಲ್ಲಿಯೂ ಅದೇ ಕಥೆಯಂತೆ. ಅವರ ಊರುಗಳಲ್ಲಿ ಹಿರಿ ಮಗಳು ಜೇಠಿ, ಎರಡನೆಯವಳು ಮಾಯ್ಲಿ, ಮೂರನೆಯವಳು ಸಾಯ್ಲಿ, ಎಲ್ಲರಿಗಿಂತ ಕಿರಿಯಳು ಕಾಂಛಿ. ಮುದುಕಿಯಾದರೂ ಅಷ್ಟೆ. "ನನ್ನ ತಾಯಿ ಊರಿಗೆಲ್ಲ ಸಾಯ್ಲಿ. ಶ್ರಾದ್ಧಕ್ಕೆ ಕೂತ ದಿನ ನಾನೂ ಹೀಗೆಯೇ ನೀರು ಹಿಡಿದು ಕೂತಿದ್ದೆ. ಪುರೋಹಿತನ ಮಗ! ಸೋದರಮಾವನ ಮನೆಗೆ ಓಡಿಹೋಗಿ ಕೇಳಿಕೊಂಡು ಬಂದೆ. ಇವರಿಗೆ ಮಾವ ಇದ್ದಾರೆಯೇ?"

"ತೀರಿಕೊಂಡಾನ್ರೀ," ಎಂದ ಮಾಳಪ್ಪ, ನಾನು ಕನ್ನಡದಲ್ಲಿ ಹೇಳಿದ ಮೇಲೆ.

ಹಾಗಾದರೆ ಗಂಗಾ ಎಂದುಬಿಡೋಣ, ಹೆಸರು ಗೊತ್ತಿಲ್ಲದವರಿಗೆಲ್ಲ ನಾನು ಹಾಗೆಯೇ ಹೇಳುವುದು ಎಂದರು ಪುರೋಹಿತರು. ಅದರಲ್ಲಿ ಕರುಣೆಯೇ ಇತ್ತು. ಆದರೆ ಮಾಳಪ್ಪ ಎರಡೂ ಕೈಯಿಂದ ಪಣತಿಯನ್ನು ತನ್ನ ಕಡೆಗೆ ಎಳೆದುಕೊಂಡ.

"ಗೊತ್ತಿಲ್ಲಂತ ಅಲ್ರೀ. ಗೊತ್ತದ. ಆಕಿ 'ನನ್ನ ಹೆಸರ್ಲೆ' ಅಂದಾಳ. ಗಂಗವ್ವನ ಹೆಸರ್ಲೆ ಹಚ್ಚಿದ್ರ ಅದು ಯಾವಾಕಿ ಗಂಗವ್ವಗ ಮುಟ್ಟತದೋ ಏನೋ."

ಪಣತಿ ಹತ್ತಲಿಲ್ಲ. ಪುರೋಹಿತರು ಮಾಳಪ್ಪನ ಹೆಗಲು ತಟ್ಟಿ, ನೆನಪಾದಾಗ ಬಾ ಎಂದು ಎದ್ದು ಹೋದರು. ನಾವು ಮರುದಿನ ಬೆಳಿಗ್ಗೆ ಹೊರಡುವವರೆಂದು ಅವರಿಗೇನು ಗೊತ್ತು?

ಧರ್ಮಶಾಲೆ

ಸುದ್ದಿ ನಮಗಿಂತ ಮೊದಲೇ ಧರ್ಮಶಾಲೆ ಮುಟ್ಟಿತ್ತು. ಊಟಕ್ಕೆ ಕೂತವರೆಲ್ಲ ಮಾಳಪ್ಪನ ಸುತ್ತ ನೆರೆದು ಹೆಸರು ಎಸೆಯತೊಡಗಿದರು.

"ಗೌರವ್ವ?"

"ಅಲ್ಲ."

"ಪಾರವ್ವ? ಈರವ್ವ? ಲಕ್ಷ್ಮವ್ವ?"

"ಅಲ್ರೀ."

"ಮಾಳವ್ವ ಇರಬೇಕು ನೋಡು, ನೀನು ಮಾಳಪ್ಪ."

"ಮಾಳವ್ವ ನಮ್ಮಕ್ಕ!"

ಯಾತ್ರೆಗೆ ಬಂದವರ ಬಾಯಲ್ಲಿ ಇನ್ನೇನು ಬರುತ್ತದೆ? ಇದ್ದ ದೇವತೆಗಳೆಲ್ಲ ಒಬ್ಬೊಬ್ಬರಾಗಿ ಬಂದು ಹೋದರು. ಕೊನೆಗೆ ಮಾಳಪ್ಪ ಕಿವಿ ಮುಚ್ಚಿಕೊಂಡ. "ಕೈ ಮುಗೀತೀನಿ, ಸುಮ್ಕಿರ್ರಿ. ನೀವು ಒಂದೊಂದು ಹೇಳಿದಂಗ ಅದು ಒಂದೊಂದು ಹೆಜ್ಜಿ ಹಿಂದ ಸರಿಯಾಕತ್ತದ."

ಸಾಹುಕಾರರಿಗೆ ಇದು ಅತಿಯಾಯಿತು. "ಏನಲೇ ಮಾಳ್ಯಾ, ಹೆತ್ತವ್ವನ ಹೆಸರು ಮರತವನು ನೀನೊಬ್ಬನ ನೋಡು ಜಗತ್ತಿನ್ಯಾಗ! ಸುಮ್ನ ಅವ್ವಾ ಅಂದು ಹಚ್ಚಿ ಬರಬಾರದೇನು? ನಸಿಕಿನ್ಯಾಗ ಬಸ್ಸು ಬಿಡತದ, ನಿನ್ನ ಸಲುವಾಗಿ ನಿಲ್ಲೂದಿಲ್ಲ."

ನನಗೆ ಕೆಟ್ಟ ಸಿಟ್ಟು ಬಂತು. ಏನೋ ಅನ್ನಲು ಹೊರಟವಳ ಕೈಯನ್ನು ಯಾಪಲದಿನ್ನಿಯವ್ವ ಹಿಡಿದು ಅದುಮಿದಳು. ಮಾಳಪ್ಪ ಪಣತಿ ಎತ್ತಿಕೊಂಡು ಎದ್ದು ಹೊರಗೆ ಹೋದ. ಆ ಮಾತು ಅವನಿಗೆ ಎಲ್ಲಿ ನಾಟಿತೆಂಬುದು ಮುಖದಲ್ಲಿ ಕಾಣುತ್ತಿತ್ತು.

ಆಮೇಲೆ ಕಟ್ಟೆಯ ಮೇಲೆ ಒಬ್ಬನೇ ಕೂತವನ ಹತ್ತಿರ ನಾವಿಬ್ಬರೂ ಹೋಗಿ ಕೂತೆವು. "ಆಕಿ ಹೆಸರು ನೀ ಎಲ್ಲಿ ಕೇಳಿದ್ದೆಪ್ಪಾ?" ಎಂದಳು ಮುದುಕಿ.

"ನಮ್ಮ ಸೋದರಮಾವ ಒಬ್ಬಾವ ಕರೀತಿದ್ದ ಬೇ. ವರ್ಷಕ್ಕೊಮ್ಮಿ ಪಂಚಮಿಗಿ ತವರಿಗಿ ಕರಿಯಾಕ ಬರೂವ. ತಂಗಿ ಕಾಲಿಗಿ ನೀರು ತರೂತನ ಒಳಗ ಬರತಿದ್ದಿಲ್ಲ. ಅಂಗಳದಾಗ ನಿಂತು ಹೆಸರು ಹಿಡಿದು ಒದರತಿದ್ದ. ಅವನ ರುಮಾಲು ಕಾಣಾಕತ್ತದ, ಹೆಗಲ ಮ್ಯಾಲಿನ ಜ್ವಾಳದ ಅಳ್ಳಿನ ಗಂಟು ಕಾಣಾಕತ್ತದ. ಅವ್ವ ಸೀರಿಗೆ ಕೈ ಒರಸ್ಕೊಂತ ಓಡಿ ಬರೂದು ಕಾಣಾಕತ್ತದ. ಧ್ವನಿ ಒಂದು ಕೇಳವಲ್ದು."

ಆಗ ಅತ್ತ. ದೊಡ್ಡ ಆಳು, ಶಬ್ದ ಮಾಡದೆ ಅತ್ತ. ನಾನೂ ಅತ್ತೆ.

ಥಾನಕೋಟದ ಏರು

ಕಠ್ಮಂಡುವಿನ ಕಣಿವೆಯಿಂದ ಹೊರಗೆ ಬರಬೇಕಾದರೆ ಪಡುವಣ ಅಂಚಿನ ಗುಡ್ಡ ಹತ್ತಬೇಕು. ನಮ್ಮ ರಾಯಚೂರಿನ ಬಸ್ಸಿಗೆ ಬಿಸಿಲು ಗೊತ್ತು, ಧೂಳು ಗೊತ್ತು, ಏರು ಗೊತ್ತಿರಲಿಲ್ಲ. ಥಾನಕೋಟ ದಾಟಿ ಸುತ್ತು ರಸ್ತೆಯಲ್ಲಿ ಏರುತ್ತಿದ್ದಂತೆ ಮುಂದಿನಿಂದ ಬುಸ್ ಎಂದು ಹಬೆ ಎದ್ದಿತು. ಡ್ರೈವರ್ ಬಸ್ಸು ನಿಲ್ಲಿಸಿ, ತಣ್ಣಗಾಗದೆ ಮುಟ್ಟುವಂತಿಲ್ಲ ಎಂದು ಬೀಡಿ ಹಚ್ಚಿದ. ಸಾಹುಕಾರರು ರಸ್ತೆಯಲ್ಲಿ ಅತ್ತಿತ್ತ ಓಡಾಡಿದರು. ಗಡಿಯ ಗೇಟು ಮುಚ್ಚುತ್ತಾರೆಂಬ ಭಯ ಅವರಿಗೆ.

ನಾವೆಲ್ಲ ಇಳಿದೆವು. ಕೆಳಗೆ ಇಡೀ ಕಣಿವೆ ಮಂಜಿನಲ್ಲಿ ಮಬ್ಬಾಗಿ ಹರಡಿತ್ತು. ಗುಡಿ ಎಲ್ಲಿದೆಯೋ ಗುರುತು ಹತ್ತಲಿಲ್ಲ. ಮಾಳಪ್ಪ ಬಸ್ಸಿಗೆ ನೀರು ತರಲು ಡಬ್ಬಿ ಹಿಡಿದು ಹೊರಟ. ಇನ್ನೊಂದು ಕೈಯಲ್ಲಿ ಅದೇ ಪಣತಿ.

ರಸ್ತೆಯ ಮೇಲ್ಬದಿಗೆ ಗುಡ್ಡದ ಮೈಯಲ್ಲಿ ಕೆಮ್ಮಣ್ಣು ಬಳಿದ ಒಂದು ಮನೆಯಿತ್ತು. ಬೆನ್ನಿಗೆ ಬುಟ್ಟಿ ಹೊತ್ತ ಒಬ್ಬ ಗಂಡಸು ಬಂದು ಕೆಳಗಿನ ಕಲ್ಲಿನ ಮೇಲೆ ಬುಟ್ಟಿ ಇಳಿಸಿದ. ಮೇಲೆ ಹತ್ತಲಿಲ್ಲ. ಅಲ್ಲಿಯೇ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, ಮನೆಯ ಕಡೆಗೆ ಉದ್ದಕ್ಕೆ ಕೂಗಿದ: "ದಿದೀ...!" ದಿದಿ ಎಂದರೆ ಅಕ್ಕ. ಮನೆಯಿಂದ ಒಬ್ಬ ಹೆಂಗಸು ಕೈ ಒರೆಸಿಕೊಳ್ಳುತ್ತಾ ಹೊರಗೆ ಓಡಿ ಬಂದಳು.

ಡಬ್ಬಿ ಧಡಾರನೆ ಬಿದ್ದ ಸದ್ದು ಕೇಳಿ ತಿರುಗಿದೆ. ಮಾಳಪ್ಪ ಆ ಹೆಂಗಸನ್ನೇ ನೋಡುತ್ತಾ ನಿಂತಿದ್ದ. ಅವನ ಗಂಟಲಿನಿಂದ ಬಂದ ಧ್ವನಿ ಅವನದಲ್ಲ. ಅದು ಅಂಗಳದಲ್ಲಿ ನಿಂತ ಯಾರೋ ಅಣ್ಣನ ಧ್ವನಿ.

"ಏ ತಿಪ್ಪೀ...! ತಿಪ್ಪವ್ವಾ...!"

ತಿಪ್ಪವ್ವ! ಹುಟ್ಟಿದ ಮಕ್ಕಳು ನಿಲ್ಲದ ಮನೆಯಲ್ಲಿ, ಈ ಕೂಸಾದರೂ ಉಳಿಯಲೆಂದು ತಿಪ್ಪೆಯ ಮೇಲೆ ಒಮ್ಮೆ ಉರುಳಿಸಿ ಇಡುವ ಹೆಸರು. ಕಸವೆಂದು ತಿಳಿದು ಯಮ ಬಿಟ್ಟು ಹೋಗಲಿ ಎಂದು. ನಾವು ಇಡೀ ಬಸ್ಸಿನವರು ಗೌರಿ, ಗಂಗೆ, ಲಕ್ಷ್ಮಿಯರ ಸಾಲಿನಲ್ಲಿ ಹುಡುಕಿದ್ದೆವು. ಗುಡಿಯ ಮುಂದೆ ನಿಂತು ತಿಪ್ಪೆಯನ್ನು ಯಾರು ನೆನೆಯುತ್ತಾರೆ?

ಮಾಳಪ್ಪ ನನ್ನ ಕಡೆ ಓಡಿ ಬಂದ. ನಗುತ್ತಿದ್ದನೋ ಅಳುತ್ತಿದ್ದನೋ. "ತಿಪ್ಪವ್ವ ರೀ ಅಕ್ಕೋರ! ನಮ್ಮವ್ವ ತಿಪ್ಪವ್ವ!" ಆಮೇಲೆ ಕೆಳಗಿನ ಕಣಿವೆ ನೋಡಿದ. ದನಿ ಇಳಿಯಿತು. "ಗುಡಿ ದೂರ ಉಳೀತಲ್ರೀ. ಇಲ್ಲಿಂದ ಹಚ್ಚಿದ್ರ ನಡೀತದೇನು?"

"ನಡೀತದ," ಎಂದೆ. ಯಾವ ಶಾಸ್ತ್ರವೂ ನನಗೆ ಗೊತ್ತಿಲ್ಲ. ನಡೆಯಲೇಬೇಕು ಎನಿಸಿತು, ಹೇಳಿದೆ.

"ದ್ಯಾವರೇನು ಕಿವುಡಾ?" ಎಂದಳು ಯಾಪಲದಿನ್ನಿಯವ್ವ. "ಕಣಿವ್ಯಾಗ ಕೂತಾವ ಗುಡ್ಡದ ಮ್ಯಾಲಿಂದು ಕೇಳೂದಿಲ್ಲೇನು? ಆಕೀನ ಮೊದಲ ಕರಿ. ಆಮ್ಯಾಲ ಹಚ್ಚು."

ಮಾಳಪ್ಪ ರಸ್ತೆಯಂಚಿನಲ್ಲಿ ಪಣತಿ ಇಟ್ಟ. ಗಾಳಿಗೆ ಅಡ್ಡವಾಗಿ ಹೆಂಗಸರು ಸೆರಗು ಹಿಡಿದು ಸುತ್ತ ಕೂತರು. ಅವನು ಎದ್ದು ನಿಂತು, ಕಣಿವೆಯ ಕಡೆ ಮುಖ ಮಾಡಿ, "ತಿಪ್ಪವ್ವಾ...!" ಎಂದು ಕರೆದ. ದನಿ ಗುಡ್ಡದ ಮೇಲಿಂದ ಇಳಿದು ಹೋಯಿತು. ಹೆಸರು ಹಿಡಿದು ಕರೆದರೆ ಯಾರಾದರೂ ಓಗೊಡಬೇಕು.

"ಓ..." ಎಂದಳು ಯಾಪಲದಿನ್ನಿಯವ್ವ. ಅಡುಗೆ ಮನೆಯಿಂದ ಓಗೊಟ್ಟ ಹಾಗೆ. "ಹಚ್ಚು ಮಗಾ. ಕೇಳ್ಯಾಳ."

ಮಾಳಪ್ಪ ಕಡ್ಡಿ ಗೀರಿದ. ದೀಪ ಹತ್ತಿತು. ಮನೆಯ ಮುಂದಿನ ಅಕ್ಕ ತಮ್ಮ ಇಬ್ಬರೂ ಇಳಿದು ಬಂದು, ಏನೆಂದು ಕೇಳದೆ, ಕೈ ಮುಗಿದು ನಿಂತರು. ಬಸ್ಸಿಗೆ ಬೇಕಾದ ನೀರನ್ನೂ ಆ ಹೆಂಗಸೇ ತಂದು ಕೊಟ್ಟಳು.

ಬಸ್ಸು ಮತ್ತೆ ಹೊರಟಾಗ ಸಾಹುಕಾರರ ಜೀವಕ್ಕೆ ಸಮಾಧಾನವಾಯಿತು. "ಆತಲ್ಲೋ ಮಾಳ್ಯಾ, ಇನ್ನರ ನಿಶ್ಚಿಂತಿ ಆಗು," ಎಂದು ನಗುತ್ತಾ ನಮ್ಮ ಸೀಟಿನ ಪಕ್ಕ ಬಂದು ಕಂಬಿ ಹಿಡಿದು ನಿಂತರು. ತಾಯಿ ತಲೆ ಎತ್ತಿ ನೋಡಿದಳು.

"ಶರಣಾ, ನನ್ನ ಹೆಸರೇನಲೇ?"

"ಏನು ಚ್ಯಾಷ್ಟಿ ಮಾಡ್ತಿ ಬೇ," ಎಂದರು ಸಾಹುಕಾರರು. "ನಿನ್ನ ಹೆಸರು..."

ಬಾಯಿ ತೆರೆದೇ ಉಳಿಯಿತು. ಒಂದು ಕೈ ಟೋಪಿ ತೆಗೆದು ತಲೆ ಸವರಿತು. ಗಂಡಸರೊಬ್ಬರೂ ನಗಲಿಲ್ಲ. ಒಬ್ಬೊಬ್ಬರೂ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು, ತುಟಿ ಅಲುಗಿಸುತ್ತಾ ಏನನ್ನೋ ಹುಡುಕತೊಡಗಿದ್ದರು.

"ನಾಲಿಗಿ ತುದೀಗೆ ಅದ ಬೇ..." ಎಂದರು ಸಾಹುಕಾರರು. ಗಿರಣಿಯ ಹಮಾಲರನ್ನು ನಡುಗಿಸುವ ಆ ಧ್ವನಿ ಸಣ್ಣ ಹುಡುಗನದಾಗಿತ್ತು.

ಯಾಪಲದಿನ್ನಿಯವ್ವ ಸೆರಗು ಸರಿಮಾಡಿಕೊಂಡು ಸೀಟಿಗೆ ಒರಗಿದಳು.

"ಇರ್ಲಿ ಬಿಡು, ಗಡಬಡಿ ಇಲ್ಲ. ರಾಯಚೂರು ಇನ್ನೂ ಭಾಳ ದೂರ ಅದ. ನೆಪ್ಪು ಮಾಡ್ಕೋ. ಆಗಲಿಲ್ಲಂದ್ರ ನನ್ನ ಕೇಳು. ನಾ ಇನ್ನೂ ಇದ್ದೀನಲ್ಲ."